ಗುಂಯ್ ಎಂದದ್ದೆಲ್ಲ ಬೇರಿಂಗ್ ಅಲ್ಲ

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಮುಂಬಯಿ ಬಳಿಯ ಬದಲಾಪುರದ ಕಾತ್ರಪ್, ಬೇಲವಲಿ ಕಡೆಯ ಗ್ಯಾರೇಜುಗಳ ಮುಂದೆ ಒಂದೇ ಬಗೆಯ ದೂರು ಹೊತ್ತ ಗಾಡಿಗಳು ನಿಲ್ಲತೊಡಗುತ್ತವೆ. ಚಕ್ರದಿಂದ ಏನೋ ಸದ್ದು. ಮಳೆಗಾಲವಿಡೀ ಹೊಂಡಗಳಲ್ಲಿ ಬಿದ್ದೆದ್ದು, ಹೊಂಡ ಮುಚ್ಚಲೆಂದು ಹಾಸಿದ ಪೇವರ್ ಬ್ಲಾಕುಗಳ ಮೇಲೆ ಕುಲುಕಿ, ರೈಲ್ವೆ ಸೇತುವೆಯಡಿಯ ನೀರಿನಲ್ಲಿ ಹಾದು ಬಂದ ಗಾಡಿ ಸದ್ದು ಮಾಡುವುದು ಸಹಜ. ಆದರೆ ಆ ಸದ್ದಿಗೆ ಸಿಗುವ ಉತ್ತರವೂ ಒಂದೇ ಆಗಿಬಿಟ್ಟಿದೆ: ‘ಬೇರಿಂಗ್ ಗಯಾ.’ ಪಂಕ್ಚರ್ ಅಂಗಡಿಯವನು ಹಾಗೆಂದ, ಆಫೀಸಿನ ಗೆಳೆಯ ಹೌದೆಂದ, ಮಾಲೀಕರೂ ಗ್ಯಾರೇಜಿಗೆ ಹೋಗಿ ‘ಬೇರಿಂಗ್ ಬದಲಾಯಿಸಿ’ ಎಂದುಬಿಡುತ್ತಾರೆ. ಮೆಕ್ಯಾನಿಕ್ ಹೇಳಿದ ಕೆಲಸ ಮಾಡುತ್ತಾನೆ. ಸದ್ದು ಹೋಗುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಕಾರ್ಕಳ ಕಡೆಯ ಒಂದು ಕುಟುಂಬವಿದೆ. ಅವರ ಸಣ್ಣ ಕಾರಿಗೆ ಮೊದಲು ಒಂದು ಬೇರಿಂಗ್ ಹಾಕಿದರು, ಆಮೇಲೆ ಇನ್ನೊಂದು, ಅದಾದ ಮೇಲೆ ಅಲೈನ್‌ಮೆಂಟ್. ಸಾವಿರಗಟ್ಟಲೆ ಖರ್ಚಾದ ಮೇಲೂ ಗಾಡಿ ಅದೇ ರಾಗ ಹಾಡುತ್ತಿತ್ತು. ಕೊನೆಗೆ ತಪ್ಪಿತಸ್ಥ ಎಂದು ಗೊತ್ತಾದದ್ದು ಹಿಂದಿನ ಎರಡು ಟಯರುಗಳು. ಇಂಥದ್ದನ್ನು ಮತ್ತೆ ಮತ್ತೆ ಕಂಡು, ಕೇಳಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ. ತಿಂಗಳ ಸಂಬಳದಲ್ಲಿ ಕಾರಿನ ಕಂತು, ಮನೆಯ ಕಂತು ಎರಡನ್ನೂ ತೂಗಿಸುವ ಮನೆಗಳಿಗೆ ಊಹೆಯ ಮೇಲೆ ಮಾಡಿಸುವ ರಿಪೇರಿ ಭಾರವಾಗುತ್ತದೆ.

ಸದ್ದು ಎಲ್ಲಿಂದ ಬರುತ್ತದೆ ಎಂದು ಕಿವಿಗೊಟ್ಟು ಹುಡುಕುವುದಕ್ಕಿಂತ, ಯಾವಾಗ ಬದಲಾಗುತ್ತದೆ ಎಂದು ಗಮನಿಸುವುದು ಹೆಚ್ಚು ಫಲ ಕೊಡುತ್ತದೆ. ವೇಗ ಏರಿಸಿದಾಗ, ಗಿಯರ್ ತೆಗೆದಾಗ, ಸ್ಟೀರಿಂಗ್ ತಿರುಗಿಸಿದಾಗ, ಬ್ರೇಕ್ ಮುಟ್ಟಿದಾಗ, ರಸ್ತೆ ಬದಲಾದಾಗ. ಈ ಐದು ಹೊತ್ತಿನಲ್ಲಿ ಸದ್ದು ಏನಾಯಿತು ಎಂದು ಹೇಳಬಲ್ಲ ಮಾಲೀಕ ಅರ್ಧ ಕೆಲಸ ಮುಗಿಸಿಕೊಟ್ಟ ಹಾಗೆ.

ತಪ್ಪು ಕಲ್ಪನೆ: ಗುಂಯ್‌ಗುಡುವ ಸದ್ದು ಬಂತೆಂದರೆ ಬೇರಿಂಗ್ ಹೋಗಿದೆ ಎಂದೇ ಅರ್ಥ.

ವಾಸ್ತವ: ಸವೆತ ಏರುಪೇರಾದ ಟಯರು ಹೊರಡಿಸುವ ಸದ್ದೂ, ಕೆಟ್ಟ ಬೇರಿಂಗ್ ಹೊರಡಿಸುವ ಸದ್ದೂ ಕಾರಿನೊಳಗೆ ಕೂತವರಿಗೆ ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸುತ್ತವೆ. ಎರಡೂ ವೇಗದ ಜೊತೆ ಏರುತ್ತವೆ. ಎರಡಕ್ಕೂ ಎಂಜಿನ್ನಿನ ಹಂಗಿಲ್ಲ. ಅನುಭವಸ್ಥರೂ ಇಲ್ಲಿ ಎಡವುತ್ತಾರೆ.

ಇವೆರಡನ್ನು ಬೇರ್ಪಡಿಸುವುದು ರಸ್ತೆ. ಟಯರಿನ ಸದ್ದು ರಸ್ತೆಯ ಮೈಯನ್ನು ಹಿಂಬಾಲಿಸುತ್ತದೆ. ಕಾಂಕ್ರೀಟಿನ ಮೇಲೆ ನೀರು ಹರಿಯಲೆಂದು, ಹಿಡಿತ ಸಿಗಲೆಂದು ಗೀರು ಎಳೆದಿರುತ್ತಾರೆ. ಅದರ ಮೇಲೆ ಯಾವ ಟಯರಾದರೂ ಸ್ವಲ್ಪ ಹಾಡುತ್ತದೆ, ಏರುಪೇರಾಗಿ ಸವೆದದ್ದು ಜೋರಾಗಿ ಹಾಡುತ್ತದೆ. ಕಲ್ಯಾಣ–ಶಿಳ್ ರಸ್ತೆಯ ಕಾಂಕ್ರೀಟಿನಿಂದ ಇಳಿದು ನುಣುಪಾದ ಡಾಂಬರಿನ ತುಣುಕು ಸಿಕ್ಕ ಕೂಡಲೇ ಸದ್ದು ಥಟ್ಟನೆ ತಗ್ಗಿತೆಂದರೆ ಅನುಮಾನ ಟಯರಿನ ಕಡೆಗೆ ತಿರುಗಬೇಕು. ಬೇರಿಂಗಿಗೆ ರಸ್ತೆಯ ಗೊಡವೆಯಿಲ್ಲ. ಡಾಂಬರಿರಲಿ, ಕಾಂಕ್ರೀಟಿರಲಿ, ಅದೇ ವೇಗದಲ್ಲಿ ಅದರದ್ದು ಅದೇ ಗುನುಗು. 2002ರಲ್ಲಿ ಪೂರ್ತಿಯಾಗಿ ತೆರೆದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಕೂಡ ಬಹುತೇಕ ಕಾಂಕ್ರೀಟಿನದೇ. ಮೊದಲ ಸಲ ಅಲ್ಲಿ ಗಾಡಿ ಓಡಿಸಿದವರು ‘ಏನೋ ಹಾಳಾಯಿತು’ ಎಂದು ಗಾಬರಿಪಡುವುದುಂಟು. ಕಾರಿಗೆ ಏನೂ ಆಗಿರುವುದಿಲ್ಲ.

ಎರಡನೆಯ ಪರೀಕ್ಷೆ ಅಂಗೈಯದು. ಗಾಡಿ ನಿಂತಿರುವಾಗ, ಟಯರು ತಣ್ಣಗಿರುವಾಗ, ರಸ್ತೆಗೆ ತಾಗುವ ಅದರ ಮೈಮೇಲೆ ಅಂಗೈಯನ್ನು ಹಗುರಾಗಿ ಸವರಿಕೊಂಡು ಹೋಗಿ. ಒಂದು ದಿಕ್ಕಿಗೆ ಸವರಿದಾಗ ನುಣುಪು. ಹಿಮ್ಮುಖವಾಗಿ ಸವರಿದರೆ ರಬ್ಬರಿನ ಒಂದೊಂದು ತುಂಡಿನ ಅಂಚೂ ಗರಗಸದ ಹಲ್ಲಿನ ಹಾಗೆ ಚರ್ಮಕ್ಕೆ ತಡೆಯುತ್ತದೆ. ಕಣ್ಣಿಗೆ ಟಯರು ಚೆನ್ನಾಗಿಯೇ ಕಾಣಿಸುತ್ತಿರುತ್ತದೆ, ಪಟ್ಟಿಯ (ಟ್ರೆಡ್‌ನ) ಆಳವೂ ಬೇಕಾದಷ್ಟಿರುತ್ತದೆ. ಆದರೂ ಪ್ರತಿ ಸುತ್ತಿಗೆ ಆ ಹಲ್ಲುಗಳೆಲ್ಲ ಒಂದಾದ ಮೇಲೊಂದು ರಸ್ತೆಗೆ ಬಡಿದು ಸದ್ದಾಗುತ್ತದೆ. ಮುಂದಿನ ಚಕ್ರಗಳಿಂದ ನಡೆಯುವ ಸಣ್ಣ ಕಾರುಗಳಲ್ಲಿ ಈ ಸವೆತ ಹಿಂದಿನ ಟಯರುಗಳಲ್ಲಿ ಹೆಚ್ಚು. ಅವು ಗಾಡಿಯನ್ನು ಎಳೆಯುವುದೂ ಇಲ್ಲ, ತಿರುಗಿಸುವುದೂ ಇಲ್ಲ; ಹಗುರಾದ ಭಾರ ಹೊತ್ತು ಸುಮ್ಮನೆ ಹಿಂಬಾಲಿಸುತ್ತ ಹೊಂಡಗಳಲ್ಲಿ ಪುಟಿಯುತ್ತಿರುತ್ತವೆ. ಶಾಕ್ ಅಬ್ಸಾರ್ಬರ್ ದಣಿದಿದ್ದರೆ ಪುಟಿತ ಇನ್ನೂ ಹೆಚ್ಚು, ಆಗ ಟಯರಿನ ಮೈಯಲ್ಲಿ ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬೀಳುತ್ತದೆ.

ಇನ್ನೂ ಅನುಮಾನವಿದ್ದರೆ ಟಯರಿನ ಅಂಗಡಿಯಲ್ಲಿ ಒಂದೇ ಮಗ್ಗುಲಿನ ಹಿಂದಿನ, ಮುಂದಿನ ಚಕ್ರಗಳನ್ನು ಅದಲುಬದಲು ಮಾಡಿಸಿ ಓಡಿಸಿ ನೋಡಿ. ಸದ್ದು ಜಾಗ ಬದಲಿಸಿದರೆ, ಇಲ್ಲವೇ ಅದರ ಸ್ವರ ಬದಲಾದರೆ ಟಯರು. ಇದ್ದಲ್ಲೇ ಇದ್ದರೆ ಬೇರಿಂಗ್ ಕಡೆ ನೋಡಬೇಕು. ಸಾವಿರಾರು ರೂಪಾಯಿಯ ಕೆಲಸಕ್ಕೆ ಕೈಹಾಕುವ ಮೊದಲು ಈ ಅರ್ಧ ಗಂಟೆಯ ಕೆಲಸ ಮಾಡಿಸದ ಗ್ಯಾರೇಜಿನ ಮಾತನ್ನು ನಾನು ನಂಬುವುದಿಲ್ಲ.

ತಪ್ಪು ಕಲ್ಪನೆ: ಯಾವ ಕಡೆಯಿಂದ ಕೇಳಿಸುತ್ತದೋ ಆ ಕಡೆಯ ಚಕ್ರವೇ ಕೆಟ್ಟಿದೆ.

ವಾಸ್ತವ: ಕಾರಿನ ಮೈ ಪೂರ್ತಿ ಉಕ್ಕಿನ ತಗಡು. ಒಂದು ಮೂಲೆಯ ಕಂಪನ ಅದರಲ್ಲಿ ಹರಿದು ಇನ್ನೊಂದು ಮೂಲೆಯಲ್ಲಿ ಕೇಳಿಸಬಹುದು. ಗುಂಯ್‌ಗುಡುವ ತಗ್ಗು ಸ್ವರದ ದಿಕ್ಕು ಹಿಡಿಯುವುದಂತೂ ನಮ್ಮ ಕಿವಿಗೆ ಬಹಳ ಕಷ್ಟ. ಹಿಂದಿನ ಚಕ್ರದ ಸದ್ದನ್ನು ಮುಂದಿನದೆಂದು ತಿಳಿಯುವುದು ತೀರಾ ಸಾಮಾನ್ಯ. ಡ್ರೈವರ್ ಸೀಟಿನಲ್ಲೇ ಕೂತು ತೀರ್ಮಾನಿಸಬೇಡಿ. ಸ್ಟೀರಿಂಗ್ ಇನ್ನೊಬ್ಬರ ಕೈಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಎಡಕ್ಕೂ ಬಲಕ್ಕೂ ಕೂತು ಕೇಳಿ. ಗಾಜು ಏರಿಸಿ ಒಮ್ಮೆ, ಇಳಿಸಿ ಒಮ್ಮೆ. ಮನೆಯಲ್ಲಿ ಕಿವಿ ಚುರುಕಾಗಿರುವ ಮಕ್ಕಳಿದ್ದರೆ ಕೂರಿಸಿಕೊಳ್ಳಿ, ಅವರು ದೊಡ್ಡವರಿಗಿಂತ ಚೆನ್ನಾಗಿ ಹೇಳುತ್ತಾರೆ.

ಸದ್ದು ಚಕ್ರದ್ದೇ ಅಲ್ಲದಿರಬಹುದು ಎಂಬುದೂ ನೆನಪಿರಲಿ. ಬೆಳಗಿನ ಜಾವ ವಾಂಗಣಿ ಕಡೆಯ ರಸ್ತೆಯಲ್ಲಿ ಹಿಂದೆ ಮುಂದೆ ಗಾಡಿಯಿಲ್ಲದ, ನೇರವಾದ, ಇಳಿಜಾರಲ್ಲದ ಜಾಗ ನೋಡಿಕೊಂಡು, 50–60 ಕಿ.ಮೀ. ವೇಗದಲ್ಲಿ ಕ್ಲಚ್ ಒತ್ತಿ ಗಿಯರ್ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಸದ್ದು ಇಳಿಯುತ್ತದೆ, ಗಾಡಿ ತನ್ನ ಓಟದಲ್ಲೇ ಸಾಗುತ್ತದೆ. ಗುಂಯ್ ಸದ್ದು ಎಂಜಿನ್ನಿನ ಜೊತೆಗೇ ಇಳಿದರೆ ಚಕ್ರಗಳನ್ನು ಬಿಟ್ಟುಬಿಡಿ, ತೊಂದರೆ ಮುಂದೆ ಎಲ್ಲೋ ಇದೆ. ಗಾಡಿಯ ವೇಗದ ಜೊತೆಗೆ ಮೆಲ್ಲಗೆ ಇಳಿಯುತ್ತ ಬಂದರೆ ಟಯರು ಅಥವಾ ಬೇರಿಂಗ್. ಈ ಪರೀಕ್ಷೆಯಲ್ಲಿ ಎಂಜಿನ್ ಅನ್ನು ಎಂದೂ ಆಫ್ ಮಾಡಬಾರದು. ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬೂಸ್ಟರ್ ಕೈಕೊಡುತ್ತದೆ, ಕೀಲಿ ಪೂರ್ತಿ ತಿರುಗಿದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಇದೆ. ಆಟೊಮ್ಯಾಟಿಕ್ ಗಾಡಿಯಾದರೆ ಇದನ್ನು ಮೆಕ್ಯಾನಿಕ್‌ಗೇ ಬಿಡುವುದು ಮೇಲು.

ಡಿಕ್ಕಿಯನ್ನೂ ಒಮ್ಮೆ ಖಾಲಿ ಮಾಡಿ ನೋಡಿ. ನಮ್ಮ ಕಡೆ ಸಿಎನ್‌ಜಿ ಗಾಡಿಗಳು ಬಹಳ. ಸಿಲಿಂಡರ್ ಹಿಡಿದಿರುವ ಪಟ್ಟಿಯ ಬೋಲ್ಟು ಸಡಿಲಾದರೆ, ಮೂಲೆಗೆ ಒರಗಿಸಿಟ್ಟ ಸ್ಟೆಪ್ನಿಯೋ ಜಾಕೋ ಅಲುಗಿದರೆ, ಹೊಂಡಕ್ಕೆ ಬಿದ್ದಾಗಲೆಲ್ಲ ಹಿಂದಿನ ಚಕ್ರವೇ ಕಳಚಿತೆಂಬಂತೆ ಕೇಳಿಸುತ್ತದೆ.

ತಪ್ಪು ಕಲ್ಪನೆ: ಚಕ್ರ ಹಿಡಿದು ಅಲುಗಿಸಿದಾಗ ಸಡಿಲವಿಲ್ಲದಿದ್ದರೆ ಬೇರಿಂಗ್ ಚೆನ್ನಾಗಿದೆ.

ವಾಸ್ತವ: ಸಡಿಲ ಸಿಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಈಗಿನ ಬೇರಿಂಗಿನೊಳಗೆ ಗುಂಡುಗಳು ಓಡುವ ಉಕ್ಕಿನ ಹಾದಿಯಲ್ಲಿ ಮೊದಲು ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಬೀಳುತ್ತದೆ. ಅಲ್ಲಿಂದಲೇ ಗುನುಗು ಶುರು. ಎಷ್ಟೋ ದಿನ ಅದು ಗುನುಗುತ್ತ ಓಡಿದರೂ ಚಕ್ರ ಹಿಡಿದು ನೋಡಿದವರಿಗೆ ಕಲ್ಲಿನಂತೆ ಗಟ್ಟಿಯಾಗಿಯೇ ಸಿಗುತ್ತದೆ.

ಕೆಲಸ ಬಲ್ಲ ಮೆಕ್ಯಾನಿಕ್ ಇದನ್ನು ಹೇಗೆ ಹಿಡಿಯುತ್ತಾನೆ ಎಂಬುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಗಾಡಿಯನ್ನು ಜಾಕ್‌ನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಗಿಯರ್ ನ್ಯೂಟ್ರಲ್‌ನಲ್ಲಿಟ್ಟು, ಒಂದು ಕೈಯಿಂದ ಚಕ್ರವನ್ನು ಜೋರಾಗಿ ತಿರುಗಿಸುತ್ತಾನೆ. ಇನ್ನೊಂದು ಕೈಯ ಬೆರಳುಗಳು ಒಳಗಿನ ಕಾಯಿಲ್ ಸ್ಪ್ರಿಂಗಿನ ಮೇಲೆ. ಒಳ್ಳೆಯ ಬೇರಿಂಗಾದರೆ ಸ್ಪ್ರಿಂಗ್ ತಣ್ಣಗೆ ಕೂತಿರುತ್ತದೆ. ಕೆಟ್ಟದ್ದಾದರೆ ಬೆರಳ ತುದಿಗೆ ಮರಳು ಅರೆಯುವಂತೆ ಜುಮುಜುಮು ತಾಗುತ್ತದೆ. ಕಿವಿಗೆ ಏನೂ ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ನಾಲ್ಕೂ ಚಕ್ರಗಳನ್ನು ಹೀಗೆ ಹೋಲಿಸಿ ನೋಡಿದರೆ ಬೇರೆಯಾದದ್ದು ಯಾವುದೆಂದು ತಾನಾಗಿ ತಿಳಿಯುತ್ತದೆ. ಬ್ರೇಕ್ ಪ್ಯಾಡು ಹಗುರಾಗಿ ಸವರುವ ಸರ್ ಸರ್ ಸದ್ದು ಇಲ್ಲಿ ಬೇರೆ, ಅದು ಸಹಜ. ತಿರುಗುವ ಚಕ್ರ, ಸ್ಪ್ರಿಂಗಿನ ಸುರುಳಿ ಎರಡೂ ಬೆರಳನ್ನು ನಜ್ಜುಗುಜ್ಜು ಮಾಡಬಲ್ಲವು, ಇದನ್ನು ಮನೆಯ ಪಾರ್ಕಿಂಗಿನಲ್ಲಿ ಪ್ರಯೋಗ ಮಾಡಬೇಡಿ. ಗ್ಯಾರೇಜಿನಲ್ಲಿ ನಿಂತು ‘ಸ್ಪ್ರಿಂಗ್ ಮೇಲೆ ಕೈಯಿಟ್ಟು ನೋಡಿದಿರಾ?’ ಎಂದು ಕೇಳಿದರೆ ಸಾಕು.

ಸಡಿಲ ಸಿಕ್ಕರೂ ಅದು ಬೇರಿಂಗಿನದೇ ಎನ್ನುವಂತಿಲ್ಲ. ಚಕ್ರವನ್ನು ಗಡಿಯಾರವೆಂದುಕೊಂಡರೆ, 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಆಟವಿದ್ದರೆ ಸ್ಟೀರಿಂಗಿನ ಟೈ ರಾಡ್ ಕಡೆ ಬೆರಳು ತೋರುತ್ತದೆ. 12 ಮತ್ತು 6ರಲ್ಲಿ ಆಟವಿದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಮತ್ತೆ ಅಲುಗಿಸಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಅದರ ಆಸುಪಾಸು.

ತಪ್ಪು ಕಲ್ಪನೆ: ಎಡಕ್ಕೆ ತಿರುಗಿದಾಗ ಸದ್ದು ಹೆಚ್ಚಾದರೆ ಎಡಗಡೆಯದು ಕೆಟ್ಟಿದೆ.

ವಾಸ್ತವ: ಬಹುತೇಕ ಇದರ ತದ್ವಿರುದ್ಧ. ಗಾಡಿ ಎಡಕ್ಕೆ ತಿರುಗಿದಾಗ ಭಾರ ಬಲಮಗ್ಗುಲಿಗೆ ವಾಲುತ್ತದೆ. ಭಾರ ಬಿದ್ದ ಬೇರಿಂಗ್ ಹೆಚ್ಚು ಗುನುಗುತ್ತದೆ, ಭಾರ ಇಳಿದದ್ದು ಸುಮ್ಮನಾಗುತ್ತದೆ. ಆದ್ದರಿಂದ ದೊಡ್ಡ, ಉದ್ದದ ಎಡತಿರುವಿನಲ್ಲಿ ಸದ್ದು ಏರಿದರೆ ಮೊದಲು ಬಲಗಡೆ ನೋಡಬೇಕು. ಎಲ್ಲ ಬೇರಿಂಗ್‌ಗಳೂ ಈ ಸೂತ್ರಕ್ಕೆ ಬದ್ಧವಾಗಿರುತ್ತವೆ ಎಂದಲ್ಲ. ಸ್ಪ್ರಿಂಗಿನ ಮೇಲೆ ಬೆರಳಿಟ್ಟು ಖಚಿತ ಮಾಡಿಕೊಳ್ಳದೆ ಬಿಚ್ಚಿಸಬಾರದು.

ತಿರುವಿನಲ್ಲಿ ಬರುವ ಇನ್ನೊಂದು ಸದ್ದಿದೆ, ಅದನ್ನೂ ಬೇರಿಂಗ್ ಲೆಕ್ಕಕ್ಕೆ ಹಾಕುತ್ತಾರೆ. ಸೊಸೈಟಿಯ ಗೇಟಿನಿಂದ ಹೊರಡುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆ್ಯಕ್ಸಿಲರೇಟರ್ ಒತ್ತಿದರೆ ಕಟ್-ಕಟ್-ಕಟ್ ಎನ್ನುವುದು. ನೇರವಾದ ಮೇಲೆ ಸದ್ದಿಲ್ಲ. ಇದು ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಆ್ಯಕ್ಸಲಿನ ತುದಿಯ ಸಿವಿ ಜಾಯಿಂಟ್. ಅದರ ಮೇಲೊಂದು ರಬ್ಬರಿನ ಬೂಟ್ ಇರುತ್ತದೆ. ಬೂಟು ಹರಿದರೆ ಚಕ್ರ ತಿರುಗುವ ರಭಸಕ್ಕೆ ಗ್ರೀಸು ಸುತ್ತಲೂ ಎರಚಿಹೋಗುತ್ತದೆ, ಆ ಜಾಗಕ್ಕೆ ಮಣ್ಣುನೀರು ಸೇರುತ್ತದೆ. ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಸರ್ವಿಸಿನಲ್ಲಿ ಬೂಟ್ ನೋಡಿಸಿದರೆ ಬೂಟು, ಗ್ರೀಸಿನ ಖರ್ಚಿಗೆ ಮುಗಿಯುತ್ತದೆ. ಸದ್ದು ಬಂದ ಮೇಲೆ ಜಾಯಿಂಟೇ ಬೇಕು.

ತಪ್ಪು ಕಲ್ಪನೆ: ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದರೆ ಸದ್ದು ಹೋಗುತ್ತದೆ.

ವಾಸ್ತವ: ಬ್ಯಾಲೆನ್ಸಿಂಗ್ ನಡುಕದ ಮದ್ದು. 80 ಕಿ.ಮೀ. ದಾಟಿದ ಮೇಲೆ ಸ್ಟೀರಿಂಗ್ ಕೈಯಲ್ಲಿ ನಡುಗುತ್ತಿದ್ದರೆ ಅದು ಬೇಕು. ಅಲೈನ್‌ಮೆಂಟ್ ಗಾಡಿ ಒಂದು ಕಡೆಗೆ ಎಳೆಯುವುದನ್ನು, ಟಯರು ವಾರೆಯಾಗಿ ಸವೆಯುವುದನ್ನು ತಡೆಯುತ್ತದೆ. ಆಗಲೇ ಸವೆದ ಟಯರನ್ನು ಅದು ನುಣುಪು ಮಾಡಲಾರದು, ಬೇರಿಂಗನ್ನಂತೂ ಮುಟ್ಟುವುದೇ ಇಲ್ಲ.

ತಪ್ಪು ಕಲ್ಪನೆ: ಟಕ್ ಟಕ್ ಎಂದು ಲಯಬದ್ಧವಾಗಿ ಬಡಿದರೆ ದೊಡ್ಡ ಖರ್ಚು ಕಾದಿದೆ.

ವಾಸ್ತವ: ಇದರಲ್ಲಿ ಅತಿ ಅಗ್ಗದ ಕಾರಣವೂ ಇದೆ, ಅತಿ ಅಪಾಯದ ಕಾರಣವೂ ಇದೆ. ಎರಡನ್ನೂ ರಸ್ತೆಬದಿಯಲ್ಲಿ ಐದು ನಿಮಿಷದಲ್ಲಿ ನೋಡಿಕೊಳ್ಳಬಹುದು.

ಮೊದಲು ಲೆಕ್ಕ. 185/65 ಆರ್15 ಅಳತೆಯ ಟಯರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಸುತ್ತು ಹಾಕುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ ಮೂರು ಸಲ ಟಕ್ ಎಂದರೆ, ಸುತ್ತಿಗೆ ಒಮ್ಮೆ ಏನೋ ತಾಗುತ್ತಿದೆ ಎಂದು ತಿಳಿಯಬಹುದು. ಪಟ್ಟಿಯ ಸಂದಿನಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು, ಹೊಕ್ಕ ಮೊಳೆ, ಹೊಂಡಕ್ಕೆ ಬಡಿದು ಟಯರಿನ ಪಕ್ಕದಲ್ಲಿ ಎದ್ದ ಬುಗುಟು. ಬದಲಾಪುರದ ಸುತ್ತಮುತ್ತ ಕಟ್ಟಡಗಳು ಏಳುತ್ತಲೇ ಇರುವುದರಿಂದ ಜಲ್ಲಿಗೂ ಮೊಳೆಗೂ ಬರವಿಲ್ಲ. ಕಲ್ಲನ್ನು ಸ್ಕ್ರೂಡ್ರೈವರ್‌ನಿಂದ ಕಿತ್ತುಹಾಕಿ. ಮೊಳೆಯನ್ನು ಅಲ್ಲಿಯೇ ಕೀಳದೆ ಪಂಕ್ಚರ್ ಅಂಗಡಿಯ ತನಕ ನಿಧಾನವಾಗಿ ಹೋಗಿ. ಬುಗುಟು ಕಂಡರೆ ಮಾತ್ರ ಆಗಲೇ ಸ್ಟೆಪ್ನಿ ಹಾಕಿಕೊಳ್ಳಬೇಕು, ಒಳಗಿನ ನೂಲುಗಳು ಹರಿದಿವೆ, ಯಾವಾಗ ಬೇಕಾದರೂ ಒಡೆಯಬಹುದು.

ಚಕ್ರದ ಮೇಲಿನ ಪ್ಲಾಸ್ಟಿಕ್ ಕವರ್ ಸಡಿಲಾದರೆ, ಮಡ್‌ಗಾರ್ಡಿನ ಒಳಗಿನ ಹಾಳೆಯ ಕ್ಲಿಪ್ ಕಿತ್ತು ಟಯರಿಗೆ ಸವರಿದರೆ ಸಹ ಸದ್ದು ಬರುತ್ತದೆ. ಗಟಾರದ ಅಂಚಿಗೆ ಗಾಡಿ ತಾಗಿಸಿದ ಮರುದಿನ ಇದೇ ಸದ್ದು. ಒಂದು ಕ್ಲಿಪ್ಪಿನ ಖರ್ಚು.

ಅಪಾಯದ್ದು ವೀಲ್ ನಟ್. ಟಯರು ಬಿಚ್ಚಿ ಹಾಕಿಸಿಕೊಂಡು ಬಂದ ಒಂದೆರಡು ದಿನದಲ್ಲೇ ದಡಬಡ ಸದ್ದು, ಜೊತೆಗೆ ನಡುಕ ಶುರುವಾದರೆ ಗಾಡಿ ಬದಿಗೆ ನಿಲ್ಲಿಸಿ ನಟ್‌ಗಳನ್ನು ಮುಟ್ಟಿ ನೋಡಿ. ಸಡಿಲವಾದ ನಟ್‌ನಲ್ಲಿ ಓಡಿದರೆ ಬೋಲ್ಟುಗಳು ತುಂಡಾಗುತ್ತವೆ, ರಿಮ್ಮಿನ ತೂತು ದೊಡ್ಡದಾಗುತ್ತದೆ, ಕೊನೆಗೆ ಚಕ್ರವೇ ಕಳಚಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಬೆಳಿಗ್ಗೆ ಹೊರಟಾಗ ಕರಕರ ಎಂದರೆ ಬ್ರೇಕ್ ಪ್ಯಾಡ್ ಮುಗಿದಿದೆ.

ವಾಸ್ತವ: ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ಗಾಡಿಯ ಬ್ರೇಕ್ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಹತ್ತುತ್ತದೆ. ಅದು ಬೀಡು ಕಬ್ಬಿಣ, ಬಣ್ಣವಿಲ್ಲ, ಎಣ್ಣೆಯಿಲ್ಲ. ನಾಲ್ಕೈದು ಸಲ ಬ್ರೇಕ್ ಒತ್ತಿದ ಮೇಲೆ ತುಕ್ಕು ಉಜ್ಜಿಹೋಗಿ ಸದ್ದು ನಿಂತರೆ ಚಿಂತೆ ಬೇಡ. ದಿನವಿಡೀ ಉಳಿಯುವ ಕೀಚಲು ಸದ್ದು ಬೇರೆ. ಎಷ್ಟೋ ಪ್ಯಾಡುಗಳಲ್ಲಿ ಸವೆತ ತಿಳಿಸಲೆಂದೇ ಒಂದು ತಗಡಿನ ನಾಲಗೆ ಇಟ್ಟಿರುತ್ತಾರೆ, ಪ್ಯಾಡು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೀಚಲಿಡುತ್ತದೆ. ಪೆಡಲನ್ನು ಹಗುರಾಗಿ ಮುಟ್ಟಿದ ಕೂಡಲೇ ಸದ್ದು ಶುರುವಾದರೂ, ನಿಂತರೂ, ಸ್ವರ ಬದಲಿಸಿದರೂ ಬ್ರೇಕನ್ನೇ ನೋಡಿಸಬೇಕು.

ಬ್ರೇಕಿನ ಸುತ್ತ ಇನ್ನೊಂದು ತಮಾಷೆಯಲ್ಲದ ಗಾಬರಿಯಿದೆ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಕಲ್ಲು ಸಿಕ್ಕಿಕೊಂಡರೆ ಬೀದಿಯ ಜನವೆಲ್ಲ ತಿರುಗಿ ನೋಡುವಷ್ಟು ಕಿರುಚುತ್ತದೆ. ಸ್ವಲ್ಪ ಹಿಂದಕ್ಕೆ, ಮುಂದಕ್ಕೆ ಓಡಿಸಿದರೆ ಕೆಲವು ಸಲ ತಾನೇ ಉದುರುತ್ತದೆ, ಇಲ್ಲದಿದ್ದರೆ ಚಕ್ರ ಬಿಚ್ಚಿ ತೆಗೆಯಬೇಕು. ಹಾಗೆಯೇ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಬ್ರೇಕು ಬಿಡದೆ ಹಿಡಿದುಕೊಂಡರೆ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ರಿಮ್ಮನ್ನು ಮುಟ್ಟದೆ, ಹತ್ತಿರ ಅಂಗೈ ಹಿಡಿದರೇ ಬಿಸಿ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ನೀರಿನಲ್ಲಿ ಹಾದು ಬಂದು ಗಾಡಿ ನಿಲ್ಲದೆ ಓಡಿತು, ಇನ್ನು ಭಯವಿಲ್ಲ.

ವಾಸ್ತವ: ಉಲ್ಹಾಸ್ ನದಿಯ ದಡದವರಿಗೆ ನೀರಿನ ಮಾತು ಹೊಸದಲ್ಲ. 2005ರ ಜುಲೈ 26ರ ಪ್ರವಾಹ ಇಲ್ಲಿ ಇನ್ನೂ ನೆನಪಿದೆ. 2019ರ ಜುಲೈ 27ರಂದು ಬದಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲು ನೀರಿನ ನಡುವೆ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅಂಥ ದಿನಗಳಲ್ಲಿ ಜನ ಎಂಜಿನ್ನಿನ ಬಗ್ಗೆ ಮಾತ್ರ ಹೆದರುತ್ತಾರೆ, ಎಂಜಿನ್ ಓಡಿದರೆ ಗೆದ್ದೆವೆಂದುಕೊಳ್ಳುತ್ತಾರೆ.

ಬೇರಿಂಗಿನ ಕಥೆ ನಿಧಾನದ್ದು. ಓಡಿ ಬಿಸಿಯಾದ ಚಕ್ರದ ಹಬ್ ಥಟ್ಟನೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬೇರಿಂಗಿನ ಸೀಲಿನ ಅಂಚು ಸ್ವಲ್ಪ ಸವೆದಿದ್ದರೂ ಅದರ ಮೂಲಕ ನೀರು, ಕೆಸರಿನ ಕಣ ಒಳಗೆ ಸೇರಿಕೊಳ್ಳುತ್ತವೆ. ಗ್ರೀಸು ಹಾಲುಹಾಲಾಗಿ ಕೆಡುತ್ತದೆ, ಗುಂಡುಗಳ ಹಾದಿಗೆ ತುಕ್ಕು ಹತ್ತುತ್ತದೆ. ಸದ್ದು ಕೇಳುವುದು ವಾರಗಳೋ ತಿಂಗಳುಗಳೋ ಆದ ಮೇಲೆ, ದಸರೆ ದೀಪಾವಳಿಯ ಹೊತ್ತಿಗೆ. ಆಗ ನೀರಿನ ದಿನ ಯಾರಿಗೂ ನೆನಪಿರುವುದಿಲ್ಲ. ಹಬ್ ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ ಆ ತಾರೀಖನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮೆಕ್ಯಾನಿಕ್‌ಗೆ ಅದಕ್ಕಿಂತ ದೊಡ್ಡ ಸುಳಿವಿಲ್ಲ.

ತಪ್ಪು ಕಲ್ಪನೆ: ಸ್ವಲ್ಪ ಗ್ರೀಸ್ ತುಂಬಿಸಿದರೆ ಸರಿಹೋಗುತ್ತದೆ.

ವಾಸ್ತವ: ಈ ಮಾತಿಗೆ ಒಂದು ಇತಿಹಾಸವಿದೆ. ಪದ್ಮಿನಿ, ಅಂಬಾಸಿಡರ್ ಕಾರುಗಳ ಕಾಲದಲ್ಲಿ ಹಬ್ ಬಿಚ್ಚಿ, ಬೇರಿಂಗ್ ತೊಳೆದು, ಹೊಸ ಗ್ರೀಸ್ ತುಂಬಿ, ನಟ್ಟನ್ನು ಹದ ನೋಡಿ ಬಿಗಿಯುವುದು ಮಾಮೂಲಿ ಸರ್ವಿಸಿನ ಭಾಗವಾಗಿತ್ತು. ನಮ್ಮ ಈ ಭಾಗಕ್ಕೆ ಪದ್ಮಿನಿಯ ನಂಟು ಬಹಳ ಹತ್ತಿರದ್ದು. ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಪದ್ಮಿನಿ ತಯಾರಿಸುತ್ತಿತ್ತು. ಅದರ ಇನ್ನೊಂದು ಕಾರ್ಖಾನೆ ಡೊಂಬಿವಲಿಯ ಬಳಿ ಕಲ್ಯಾಣ–ಶಿಳ್ ರಸ್ತೆಯಲ್ಲಿತ್ತು, 1990ರ ದಶಕದ ನಡುವಿನಲ್ಲಿ ಪೂಜೋ 309 ಅಲ್ಲಿಂದ ಹೊರಬರುತ್ತಿತ್ತು. ಇಲ್ಲಿನ ಹಿರಿಯ ಮೇಸ್ತ್ರಿಗಳ ಕೈ ಪಳಗಿದ್ದು ಪದ್ಮಿನಿ ಕಾಲದ ಗಾಡಿಗಳ ಮೇಲೆ. ಅವರ ಕೌಶಲದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಈಗಿನ ಕಾರುಗಳ ಬೇರಿಂಗ್ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಎರಡೂ ಕಡೆ ಸೀಲ್ ಮಾಡಿದ್ದು. ಬಿಚ್ಚಲು ಬರುವುದಿಲ್ಲ, ಬಿಗಿದು ಹದ ಮಾಡಲೂ ಬರುವುದಿಲ್ಲ. ಹೊರಗೆ ಗ್ರೀಸ್ ಮೆತ್ತಿದರೆ ಧೂಳು ಹಿಡಿಯುತ್ತದೆ ಅಷ್ಟೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರಂತೂ ಸೀಲಿನ ಸಂದಿನಿಂದ ಇಳಿದು ಇರುವ ಗ್ರೀಸನ್ನೂ ಕರಗಿಸುತ್ತದೆ. ಗುನುಗಲು ಶುರುಮಾಡಿದ ಬೇರಿಂಗ್ ವಾಸಿಯಾಗುವುದಿಲ್ಲ, ಅದನ್ನು ಬದಲಿಸಲೇಬೇಕು.

ತಪ್ಪು ಕಲ್ಪನೆ: ಒಂದು ಹೋದರೆ ಜೋಡಿಯನ್ನೇ ಬದಲಿಸಬೇಕು.

ವಾಸ್ತವ: ಬ್ರೇಕ್ ಪ್ಯಾಡಿಗೆ, ಶಾಕ್ ಅಬ್ಸಾರ್ಬರಿಗೆ ಈ ನಿಯಮ ಸರಿ, ಎಡಬಲ ಒಂದೇ ಹಿಡಿತವಿರಬೇಕು. ಬೇರಿಂಗಿಗೆ ಅನ್ವಯಿಸುವುದಿಲ್ಲ. ಕೆಟ್ಟದ್ದನ್ನು ಮಾತ್ರ ಬದಲಿಸಿದರೆ ಸಾಕು.

ತಪ್ಪು ಕಲ್ಪನೆ: ಸದ್ದು ತಾನೆ, ಊರಿಗೆ ಹೋಗಿ ಬಂದ ಮೇಲೆ ನೋಡೋಣ.

ವಾಸ್ತವ: ಸವೆದ ಟಯರಿನ ಗುಂಯ್ ಆದರೆ, ಪಟ್ಟಿಯ ಆಳ 1.6 ಮಿ.ಮೀ.ನ ಸವೆತದ ಗುರುತಿಗಿಂತ ಮೇಲಿದ್ದು ಬೇರೆ ದೋಷವಿಲ್ಲದಿದ್ದರೆ, ಸಹಿಸಿಕೊಂಡು ಹೋಗಬಹುದು. ಬೇರಿಂಗ್ ಎಂದು ಖಚಿತವಾದರೆ ಹೋಗಬಾರದು. ಊರಿಗೆಂದು ಪನ್ವೇಲಿನಿಂದ ಮಹಾಡ್, ಚಿಪಳೂಣ್, ಗೋವಾ, ಕಾರವಾರ ದಾಟಿ ಉಡುಪಿ ಮಂಗಳೂರಿನ ತನಕ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಸುಮಾರು 900 ಕಿ.ಮೀ. ಬೇಸಗೆಯ ಬಿಸಿಲು, ತುಂಬಿದ ಗಾಡಿ, ಮೇಲೆ ಕ್ಯಾರಿಯರ್. ಬದಲಾಪುರದಲ್ಲಿ ಸ್ಟೇಷನ್ನಿಗೆ, ಮಾರ್ಕೆಟಿಗೆ ಓಡಾಡುವಾಗ ತಿಂಗಳುಗಟ್ಟಲೆ ತಡೆದ ಬೇರಿಂಗ್ ಅಲ್ಲಿ ಒಂದೇ ದಿನದಲ್ಲಿ ಬಿಸಿಯೇರಿ ಕೈಕೊಡಬಹುದು. ಆಟ ಹೆಚ್ಚಾದರೆ ಎಬಿಎಸ್ ಸೆನ್ಸರ್ ತಪ್ಪು ಓದುತ್ತದೆ, ಬ್ರೇಕ್ ಪೆಡಲ್ ಆಳಕ್ಕೆ ಇಳಿಯುತ್ತದೆ, ತೀರಾ ಹದಗೆಟ್ಟರೆ ಚಕ್ರವೇ ಗಾಡಿಯಲ್ಲಿ ನಿಲ್ಲದು. ಮಕ್ಕಳನ್ನು, ಅಜ್ಜಿಯನ್ನು ಕೂರಿಸಿಕೊಂಡು ಅಂಥ ಗಾಡಿಯಲ್ಲಿ ಘಾಟಿ ಇಳಿಯುವುದು ಬೇಡವೇ ಬೇಡ.

ಬದಲಿಸುವಾಗಲೂ ನಿಂತು ನೋಡಬೇಕಾದ ಸಂಗತಿಗಳಿವೆ. ಅನೇಕ ಸಣ್ಣ ಕಾರುಗಳ ಮುಂದಿನ ಬೇರಿಂಗನ್ನು ಪ್ರೆಸ್ ಯಂತ್ರದಲ್ಲಿ ಒತ್ತಿ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಪ್ರತಿ ಪೆಟ್ಟೂ ಗುಂಡುಗಳ ಮೂಲಕ ಹಾದಿಯ ಮೇಲೆ ತಗ್ಗು ಮಾಡುತ್ತದೆ, ಹೊಸ ಬೇರಿಂಗ್ ಕೆಲವೇ ದಿನದಲ್ಲಿ ಹಳೆಯದರ ಹಾಗೆಯೇ ಗುನುಗುತ್ತದೆ. ‘ಪ್ರೆಸ್ ಇದೆಯೇ, ಇಲ್ಲದಿದ್ದರೆ ಎಲ್ಲಿ ಒತ್ತಿಸುತ್ತೀರಿ?’ ಎಂದು ಮೊದಲೇ ಕೇಳಿ. ಲೇತ್ ಅಂಗಡಿಗೆ ಕೊಂಡೊಯ್ದು ಒತ್ತಿಸಿ ತರುವ ಮೆಕ್ಯಾನಿಕ್‌ಗಳು ಇದ್ದಾರೆ, ಅದು ಸರಿಯಾದ ದಾರಿಯೇ. ಕೆಲವು ಬೇರಿಂಗ್‌ಗಳ ಒಂದು ಮುಖದಲ್ಲಿ ಎಬಿಎಸ್‌ಗಾಗಿ ಕಾಂತದ ಉಂಗುರವಿರುತ್ತದೆ, ಆ ಮುಖ ಸೆನ್ಸರಿನ ಕಡೆಗೇ ಬರಬೇಕು. ತಿರುವುಮುರುವಾದರೆ ಸದ್ದು ಹೋಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ. ಆ್ಯಕ್ಸಲಿನ ನಟ್ಟನ್ನು ಕಂಪನಿ ಹೇಳಿದ ಬಿಗಿಗೆ ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಅದು ಬಿಗಿಯಾಗುವ ಮೊದಲು ಗಾಡಿಯ ಭಾರವನ್ನು ಆ ಚಕ್ರದ ಮೇಲೆ ಇಳಿಸಬಾರದು. ಕೆಲಸ ಮುಗಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ವೀಲ್ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸಿ. ಊರಿಗೆ ಹೊರಡುವುದಕ್ಕೆ ವಾರ ಮೊದಲೇ ಈ ಕೆಲಸ ಮಾಡಿಸಿಟ್ಟುಕೊಂಡರೆ ಆ ನೂರು ಕಿ.ಮೀ. ಕಲ್ಯಾಣ, ಡೊಂಬಿವಲಿಯ ಓಡಾಟದಲ್ಲೇ ಆಗಿಹೋಗುತ್ತದೆ.